ಏಳು ಗಂಟೆಯ ವರದಿ

ಹವಾಮಾನ ಸಲಹಾ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿಯೂ, ಬೆಳಿಗ್ಗೆ ಮನೆ ಬಿಡುವಾಗ ಕೊಡೆ ಬೇಕೋ ಬೇಡವೋ ಎಂದು ಹೆಂಡತಿಯನ್ನು ಕೇಳುವ ಮನುಷ್ಯ ನಾನು. ನನ್ನ ಕೆಲಸ ಮಳೆಯನ್ನು ಹೇಳುವುದಲ್ಲ, ಬೇರೆಯವರು ಹೇಳಿದ್ದನ್ನು ಬರೆಯುವುದು. ಮೇಲಿನಿಂದ ಬರುವ ಅಂಕಿಗಳನ್ನು ರೈತರಿಗೆ ತಿಳಿಯುವ ನಾಲ್ಕು ಸಾಲಿಗೆ ಇಳಿಸಿ ಅವರ ಮೊಬೈಲಿಗೆ ಬಿಡುತ್ತೇನೆ. ‘ಅಲ್ಲಲ್ಲಿ ಹಗುರ ಮಳೆಯಾಗುವ ಸಾಧ್ಯತೆ’ ಎಂಬುದು ನನ್ನ ಮೆಚ್ಚಿನ ಸಾಲು. ಮಳೆ ಬಂದರೆ ಹೇಳಿದ್ದೆವಲ್ಲ ಎನ್ನಬಹುದು. ಬಾರದಿದ್ದರೆ ‘ಅಲ್ಲಲ್ಲಿ’ ಎಂದಿದ್ದೆವಲ್ಲ ಎನ್ನಬಹುದು. ಯಾರೂ ಬಂದು ಕೊರಳಪಟ್ಟಿ ಹಿಡಿಯುವಂತಿಲ್ಲ. ಇಂಥ ಸಾಲುಗಳನ್ನು ಹೊಸೆಯುವುದರಲ್ಲಿ ನನ್ನ ಕೈ ಪಳಗಿದೆ. ಬೇರೆ ಯಾವುದರಲ್ಲೂ ಪಳಗಿದ ಹಾಗಿಲ್ಲ.

ನಮ್ಮ ಅತ್ತಿಗೆಯ ಬಾಯಿ ಅಂಥದ್ದಲ್ಲ. ನಾಳೆ ಮಧ್ಯಾಹ್ನದ ಮೇಲೆ ಮಳೆ, ಒಗೆಯುವ ಬಟ್ಟೆಯಿದ್ದರೆ ಬೆಳಿಗ್ಗೆಯೇ ಒಗೆದು ಒಣಗಿಸಿ ಎಂದರೆ ಅಷ್ಟೇ. ಮಧ್ಯಾಹ್ನದ ಮೇಲೆ ಮೊದಲ ಹನಿ ಬಿದ್ದಿರುತ್ತಿತ್ತು. ಅಣ್ಣನ ಕೈ ಹಿಡಿದು ಆಕೆ ನಮ್ಮ ಮನೆಗೆ ಬಂದಾಗ ನನಗೆ ಹನ್ನೊಂದು ವರ್ಷ. ಮೈದುನ ಅನ್ನುವುದಕ್ಕಿಂತ ಮನೆಯಲ್ಲಿ ಮೊದಲೇ ಹುಟ್ಟಿಬಿಟ್ಟಿದ್ದ ಮಗನ ಹಾಗೆ ಸಾಕಿದಳು. ಈಗ ನನಗೆ ಐವತ್ತಾದರೂ ‘ಕಣೋ’ ಎಂದೇ ಮಾತಾಡಿಸುತ್ತಾಳೆ.

ನಮ್ಮ ಈರುಳ್ಳಿ ಹೊಲದ ಮೂಲೆಯಲ್ಲಿ ಒಂದು ಅತ್ತಿ ಮರವಿತ್ತು. ಅತ್ತಿಗೆಯ ಪಾಠವೆಲ್ಲ ಅದರ ಕೆಳಗೆ. ಬೇರಿನ ಸಂದಿಯ ಕೆಂಪಿರುವೆಗಳು ಮೊಟ್ಟೆ ಕಚ್ಚಿಕೊಂಡು ಕಾಂಡ ಹತ್ತುತ್ತಿವೆಯೇ, ಹತ್ತಿದರೆ ಮೊಣಕಾಲಿನೆತ್ತರಕ್ಕೋ ಸೊಂಟದೆತ್ತರಕ್ಕೋ. ಹಕ್ಕಿಗಳು ಗೂಡು ಕಟ್ಟಿರುವುದು ಯಾವ ಕಡೆಯ ಕೊಂಬೆಗೆ. ಎಲೆಯ ಬಿಳಿ ಬೆನ್ನು ಮೇಲಾಗುವುದು ಎಷ್ಟು ಹೊತ್ತಿಗೆ. ಇದನ್ನೆಲ್ಲ ಆಕೆಗೆ ಹೇಳಿಕೊಟ್ಟವಳು ನಮ್ಮಮ್ಮ. ಅಮ್ಮನಿಗೆ ಹೇಳಿಕೊಟ್ಟವಳು ಅವಳ ಅತ್ತೆ. ನಮ್ಮಲ್ಲಿ ಈ ವಿದ್ಯೆ ಅತ್ತೆಯಿಂದ ಸೊಸೆಗೆ ಹೋಗುವಂಥದು. ಹೆಣ್ಣುಮಕ್ಕಳು ಮದುವೆಯಾಗಿ ಮನೆ ಬಿಟ್ಟು ಹೋಗುತ್ತಾರೆ, ಮರ ಹೋಗುವುದಿಲ್ಲ. ಹಾಗಾಗಿ ಮರದ ಗುಟ್ಟು ಮನೆಗೆ ಬಂದವಳಿಗೆ. ಗಂಡಸರಿಗೆ ಯಾರೂ ಹೇಳಲಿಲ್ಲ. ನಾವು ಕೇಳಲೂ ಇಲ್ಲ. ಅಣ್ಣನಂತೂ ಅದಕ್ಕೆ ಇರುವೆ ಪುರಾಣ ಎಂದು ಹೆಸರಿಟ್ಟು, ತನ್ನ ಸೊಂಟನೋವು ಯಾವಾಗ ಹೋಗುತ್ತೆಂದು ಸ್ವಲ್ಪ ಇರುವೆಗಳನ್ನೇ ಕೇಳಿ ಹೇಳು ಎನ್ನುತ್ತಿದ್ದ. ಅತ್ತಿಗೆ ನಗುತ್ತಿದ್ದಳು. ನಕ್ಕವರೆಲ್ಲ ತಮಾಷೆಯನ್ನು ಮೆಚ್ಚಿರುತ್ತಾರೆಂದು ನಾವಿಬ್ಬರೂ ತಿಳಿದಿದ್ದೆವು.

ಅಕ್ಕಪಕ್ಕದ ಹೊಲದ ಹತ್ತು ಹೆಂಗಸರು ಮಾತ್ರ ಆಕೆಯನ್ನು ಕೇಳದೆ ಬಿತ್ತುತ್ತಿರಲಿಲ್ಲ, ಕೀಳುತ್ತಿರಲಿಲ್ಲ. ಚಿನ್ನ, ಸೀರೆ, ದೊಡ್ಡ ತವರು ಯಾವುದೂ ಇಲ್ಲದ ಆಕೆಗಿದ್ದ ಆಸ್ತಿ ಒಂದೇ, ತನ್ನ ಮಾತು. ಆ ಹತ್ತು ಜನ ಅದನ್ನು ನಂಬುತ್ತಿದ್ದರು.

ನಮ್ಮ ಕೇಂದ್ರಕ್ಕೆ ಒಂದು ಹೊಸ ಯೋಜನೆ ಬಂತು. ಯಂತ್ರದ ಮುನ್ಸೂಚನೆಗೆ ಹೆಂಗಸರ ಹಳೆಯ ತಿಳಿವಳಿಕೆಯನ್ನು ಸೇರಿಸಬೇಕು, ಎರಡೂ ಕೂಡಿದರೆ ಹೆಚ್ಚು ಸರಿಯಾಗುತ್ತದೆ ಎಂಬುದು ಅದರ ಸಾರ. ನಡೆಸುವವರು ಒಬ್ಬ ಮೇಡಂ. ಓದಿದವರು, ಆದರೂ ಒಳ್ಳೆಯವರು. ಅವರನ್ನು ನಾನೇ ಮುಂದೆ ನಿಂತು ಅತ್ತಿಗೆಯ ಹತ್ತಿರ ಕರೆದೊಯ್ದೆ. ಮೇಡಂ ಪುಸ್ತಕ ಬಿಚ್ಚಿ, ನೆಲದ ಮೇಲೆ ಕೂತು, ಎರಡು ಗಂಟೆ ಆಕೆ ಹೇಳಿದ್ದನ್ನು ಬರೆದುಕೊಂಡರು. ಒಂದು ಸಲವೂ ನಗಲಿಲ್ಲ. ಆ ದಿನ ಅತ್ತಿಗೆ ಮನೆಗೆ ನಡೆದು ಬಂದ ರೀತಿಯೇ ಬೇರೆ.

ಮೊದಲ ಎರಡು ತಿಂಗಳು ಪರೀಕ್ಷೆ. ಬೆಳಿಗ್ಗೆ ಆರಕ್ಕೆ ಯಂತ್ರದ ಮುನ್ಸೂಚನೆ ಹೆಂಗಸರೆಲ್ಲರ ಫೋನಿಗೂ ಹೋಗಬೇಕು. ಏಳಕ್ಕೆ ಅತ್ತಿಗೆ ಮರ ನೋಡಿ ಬಂದು ತನ್ನ ವರದಿಯನ್ನು ಫೋನಿನಲ್ಲಿ ಮಾತಾಡಿ ಕಳಿಸಬೇಕು. ನಾನು ಎರಡನ್ನೂ ಪಕ್ಕಪಕ್ಕ ಇಟ್ಟು, ಹೊಂದಿದರೆ ಹಸಿರು ಗುರುತು, ಹೊಂದದಿದ್ದರೆ ಹಳದಿ ಹಾಕಿ ಎಂಟಕ್ಕೆ ಬಿಡಬೇಕು. ಹಸಿರೆಂದರೆ ನಡೆಯಿರಿ, ಹಳದಿಯೆಂದರೆ ಒಂದು ದಿನ ಕಾಯಿರಿ. ಆ ಎರಡು ತಿಂಗಳಲ್ಲಿ ಹತ್ತರಲ್ಲಿ ನಾಲ್ಕು ದಿನ ಹಳದಿ. ಯಂತ್ರ ಒಂದು ಹೇಳಿದರೆ ಅತ್ತಿಗೆಯ ಇರುವೆ ಇನ್ನೊಂದು ಹೇಳುತ್ತಿತ್ತು. ಹಾಗೆ ಕಾದ ದಿನಗಳಲ್ಲಿ ಮೂರು ಸಲ ಹೆಂಗಸರ ಫಸಲು ಉಳಿದಿತ್ತು. ಆದರೆ ನಮ್ಮ ಕಚೇರಿಯಲ್ಲಿ ಹಳದಿ ಬಣ್ಣವನ್ನು ಯಾರೂ ಮೆಚ್ಚುವುದಿಲ್ಲ.

ಆಮೇಲೆ ಗಾಳಿ ಮಳೆ ಅಳೆಯುವ ಯಂತ್ರವೊಂದನ್ನು ಹೆಂಗಸರ ಹೊಲಗಳ ನಡುವೆಯೇ ನಿಲ್ಲಿಸಬೇಕೆಂದಾಯಿತು. ರಸ್ತೆಯ ಪಕ್ಕ, ಫೋನಿಗೆ ಸಿಗ್ನಲ್ ಸಿಗುವ ಜಾಗ ನಮ್ಮ ಹೊಲದ ಮೂಲೆಯೊಂದೇ. ಮೇಡಂ ಟೇಪು ಹಿಡಿದು ಅಳೆದು ನೋಡಿ ಮುಖ ಚಿಕ್ಕದು ಮಾಡಿದರು. ಯಂತ್ರದ ಸುತ್ತ ಬಯಲಿರಬೇಕು, ಮರವಿದ್ದರೆ ಗಾಳಿಯ ಲೆಕ್ಕವೂ ತಪ್ಪುತ್ತದೆ, ಮಳೆಯ ಲೆಕ್ಕವೂ ತಪ್ಪುತ್ತದೆ ಎಂಬುದು ನಿಯಮ. ಮರ ಉಳಿಯಬೇಕಾದರೆ ಯಂತ್ರ ಬೇರೆ ಊರಿಗೆ ಹೋಗುತ್ತದೆ. ಮೂರು ದಿನ ಯೋಚಿಸಿ ಹೇಳಿ, ಅವಸರವಿಲ್ಲ ಎಂದರು. ಕಡಿಸಿ ಎಂದು ಅವರು ಹೇಳಲಿಲ್ಲ. ಹೇಳಿದವನು ನಾನು. ಒಂದು ಮರ ತಾನೇ ಅತ್ತಿಗೆ, ಇರುವೆ ಎಲ್ಲ ಕಡೆಯೂ ಇರುತ್ತದಲ್ಲ ಎಂದೆ. ಹತ್ತೊಂಬತ್ತು ವರ್ಷದಲ್ಲಿ ಅನುಮಾನದ ಎಳೆಯೂ ಇಲ್ಲದೆ ನಾನು ಹೇಳಿದ ಮಾತು ಅದೊಂದೇ.

ಮೂರನೆಯ ದಿನ ಆಕೆ ಒಪ್ಪಿದಳು. ಮರ ಉರುಳಿಸಲು ಒಂದೂವರೆ ದಿನ ಹಿಡಿಯಿತು. ಇರುವೆಗಳು ಮೊಟ್ಟೆ ಕಚ್ಚಿಕೊಂಡು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗೇಣುದ್ದದ ಜಾಗದಲ್ಲೇ ಸುತ್ತುತ್ತಿದ್ದವು. ಇದು ಯಾವ ಮಳೆಯ ಗುರುತು ಅತ್ತಿಗೆ ಎಂದು ತಮಾಷೆ ಮಾಡಿದೆ. ಆಕೆ ಆ ಸಲ ನಗಲಿಲ್ಲ.

ಯಂತ್ರ ಬಂತು. ಬಿಳಿ ಕಂಬ, ತುದಿಯಲ್ಲಿ ಗಿರಗಿರ ತಿರುಗುವ ಮೂರು ಬಟ್ಟಲು, ಮಳೆ ಹಿಡಿಯುವ ಡಬ್ಬಿ, ಬಿಸಿಲು ಕುಡಿಯುವ ಒಂದು ಹಲಗೆ. ಇರುವೆಯನ್ನು ಆಡಿಕೊಂಡಿದ್ದ ನಮ್ಮಣ್ಣ ದಿನಾ ಬೆಳಿಗ್ಗೆ ಹೆಗಲ ಮೇಲಿನ ಟವೆಲಿನಿಂದ ಅದರ ಧೂಳು ಒರೆಸುವುದಕ್ಕೆ ನಿಂತ. ಮದುವೆಯಾಗಿ ಮೂವತ್ತೊಂಬತ್ತು ವರ್ಷದಲ್ಲಿ ಅವನು ಮನೆಯಲ್ಲಿ ಏನನ್ನಾದರೂ ಒರೆಸಿದ್ದು ಅದೇ ಮೊದಲು ಎಂದು ಅತ್ತಿಗೆ ಹೇಳಿದಳು.

ಯಂತ್ರ ನಿಂತ ಮೇಲೆ ಹಳದಿ ದಿನಗಳು ಕಡಿಮೆಯಾದವು. ಎರಡು ತಿಂಗಳಿಗೆ ಹತ್ತರಲ್ಲಿ ಒಂದು. ಆಮೇಲೆ ಅದೂ ಇಲ್ಲ. ಜಗಳವಾಡುತ್ತಿದ್ದ ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಉಣ್ಣುವ ಹಾಗಾಯಿತು. ಯಾಕೆ ಎಂದು ಕೇಳಬೇಕಾದವನು ನಾನು. ಕೇಳುವ ಬದಲು ಹದಿನಾಲ್ಕು ಪುಟದ ವರದಿ ಬರೆದೆ. ಹಳತೂ ಹೊಸತೂ ಕೈ ಹಿಡಿದು ನಡೆಯುತ್ತಿವೆ ಎಂದು ಅದರಲ್ಲಿ ಏಳು ಕಡೆ ಬರುತ್ತದೆ. ದೊಡ್ಡ ಸಭೆಯಲ್ಲಿ ಮೇಡಂ ಅದನ್ನು ಓದಿದರು. ನೋಡಲು ಜನ ಬಂದರು, ಅತ್ತಿಗೆಯನ್ನು ಕಂಬದ ಪಕ್ಕ ನಿಲ್ಲಿಸಿ ಫೋಟೊ ಹಿಡಿದರು. ಎಲ್ಲ ಫೋಟೊದಲ್ಲೂ ಆಕೆ ಕ್ಯಾಮೆರಾ ಬಿಟ್ಟು ನೆಲ ನೋಡುತ್ತಿದ್ದಾಳೆ. ನಾಚಿಕೆ ಎಂದು ಕೆಳಗೆ ನಾನೇ ಬರೆದೆ. ಕಚೇರಿಯಲ್ಲಿ ನನಗೆ ದೊಡ್ಡವರು ಕೂರುವಂಥ ಚಕ್ರದ ಕುರ್ಚಿ ಸಿಕ್ಕಿತು. ಅದರಲ್ಲಿ ಕೂತು ಒಮ್ಮೆ ಬಾಗಿಲವರೆಗೂ ಉರುಳಿ ಹೋಗಿ ಬಂದೆ, ಯಾರೂ ಇಲ್ಲದಾಗ.

ಈರುಳ್ಳಿ ಕೀಳುವ ಕಾಲ ಬಂತು. ಈರುಳ್ಳಿಯನ್ನು ಕಿತ್ತ ಕೂಡಲೇ ಮನೆಗೆ ತರುವ ಹಾಗಿಲ್ಲ. ಹೊಲದಲ್ಲೇ ಸಾಲು ಹಾಕಿ ನಾಲ್ಕೈದು ದಿನ ಬಿಸಿಲಿಗೆ ಬಿಡಬೇಕು, ಅದರ ಕುತ್ತಿಗೆ ಒಣಗಿ ಮುಚ್ಚಿಕೊಳ್ಳಬೇಕು. ಆ ನಡುವೆ ನೀರು ಬಿದ್ದರೆ ಕುತ್ತಿಗೆಯಿಂದ ಒಳಗಿಳಿದು ಕೊಳೆಯುತ್ತದೆ. ಹೊರಗಿನಿಂದ ನೋಡಿದರೆ ಚೆಂದವಾಗೇ ಇರುತ್ತದೆ. ಒತ್ತಿದರೆ ಬೆರಳು ಒಳಗೆ ಹೋಗುತ್ತದೆ. ಯಾವತ್ತು ಕೀಳುವುದು ಎಂಬುದೇ ಅವರ ವರ್ಷದ ಪ್ರಶ್ನೆ. ಒಂದು ಗುರುವಾರ ಯಂತ್ರ ಐದು ದಿನ ಒಣಹವೆ ಎಂದಿತು. ಇರುವೆ ನೆಲ ಬಿಟ್ಟಿಲ್ಲ, ಗಾಳಿ ಒಣಗಿದೆ ಎಂದು ಏಳಕ್ಕೆ ಅತ್ತಿಗೆಯ ದನಿ ಬಂತು. ಹಸಿರು ಹಾಕಿದೆ. ಹನ್ನೊಂದು ಹೊಲದಲ್ಲೂ ಅವತ್ತೇ ಕಿತ್ತರು.

ಶನಿವಾರ ಮಧ್ಯಾಹ್ನ ಮಳೆ ಹಿಡಿಯಿತು. ಸೋಮವಾರದವರೆಗೂ ಬಿಡಲಿಲ್ಲ.

ಮಂಗಳವಾರ ಹೊಲಕ್ಕೆ ಹೋದೆ. ಹನ್ನೊಂದು ಜನವೂ ನಮ್ಮ ಹೊಲದ ಕೊಟ್ಟಿಗೆಯಲ್ಲಿ ಕೂತು ಒಳ್ಳೆಯದು ಕೆಟ್ಟದ್ದು ಆರಿಸುತ್ತಿದ್ದರು. ಕೆಟ್ಟದ್ದರ ಗುಡ್ಡೆ ಮನುಷ್ಯನೆತ್ತರ, ಒಳ್ಳೆಯದು ಎರಡು ಬುಟ್ಟಿ. ಆ ವಾಸನೆ ಬಾಗಿಲಲ್ಲೇ ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ಈರುಳ್ಳಿಯಿಂದ ಬಂದ ಕಣ್ಣೀರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಷ್ಟರ ಮಟ್ಟಿಗೆ ಎಲ್ಲರಿಗೂ ಅನುಕೂಲ.

ಅವರು ಬೈಯುತ್ತಿದ್ದದ್ದು ಯಂತ್ರವನ್ನು, ನಡುನಡುವೆ ನನ್ನನ್ನು. ಎಲ್ಲರಿಗಿಂತ ಹೆಚ್ಚು ಬೈದವಳು ಸೋರೆ ಚಿಕ್ಕಮ್ಮ. ಪಕ್ಕದ ಹೊಲದವಳು, ಒಂಟಿ ಹೆಂಗಸು. ಬೇಲಿ ತುಂಬ ಸೋರೆ ಬಳ್ಳಿ ಹಬ್ಬಿಸುತ್ತಿದ್ದದ್ದಕ್ಕೆ ಆ ಹೆಸರು. ಈ ವರ್ಷ ಬೇರೇನೂ ಹಾಕದೆ ಹೊಲಕ್ಕೆಲ್ಲ ಈರುಳ್ಳಿಯನ್ನೇ ಹಾಕಿದ್ದಳು.

“ಅಕ್ಕನ ಮಾತೊಂದೇ ಕೇಳಿದ್ರೆ ಸಾಕಿತ್ತು. ಈ ಮೈದುನಪ್ಪನ ಗೂಟ ಬಂದು ಅಕ್ಕನ ಮಾತಿಗೂ ಮಣ್ಣು ಬಿತ್ತು. ಅಕ್ಕಂದೇನು ತಪ್ಪು?” ಎಂದಳು.

ಎಲ್ಲರೂ ಹೌದೆಂದರು. ನನಗೆ ಒಳಗೊಳಗೇ ಹಗುರಾಯಿತು. ಯಂತ್ರಕ್ಕೆ ಎಷ್ಟು ಬೈದರೂ ತಿರುಗಿ ಮಾತಾಡುವುದಿಲ್ಲ, ನಮ್ಮ ಮನೆಯವರ ಮರ್ಯಾದೆಯೂ ಉಳಿಯಿತು. ಅತ್ತಿಗೆ ಎದ್ದು, ಕೈ ತೊಳೆಯುವವಳ ಹಾಗೆ ಪಂಪಿನ ಕೋಣೆಯ ಕಡೆ ನಡೆದಳು. ನನ್ನನ್ನೂ ಬಾ ಎಂದಳು. ನೀರು ಬಿಟ್ಟಳು, ಕೈ ಒಡ್ಡಲಿಲ್ಲ.

“ಎಂಟು ತಿಂಗಳಿಂದ ನಾನು ಏನೂ ನೋಡಿಲ್ಲ ಕಣೋ” ಎಂದಳು.

ನನಗೆ ಅರ್ಥವಾಗಲಿಲ್ಲ.

“ಆರು ಗಂಟೆಗೆ ನೀನು ಕಳಿಸ್ತೀಯಲ್ಲ, ಅದನ್ನ ಓದ್ತೀನಿ. ಏಳು ಗಂಟೆಗೆ ಅದನ್ನೇ ಇರುವೆ ಬಾಯಲ್ಲಿ ಹೇಳಿ ಕಳಿಸ್ತೀನಿ.”

ಅದಕ್ಕೂ ಮುಂಚೆ, ಮರ ಹೋದ ಹೊಸದರಲ್ಲಿ, ಆಕೆ ಸುಮ್ಮನೆ ಕೂತಿರಲಿಲ್ಲವಂತೆ. ರಸ್ತೆಯಾಚೆಯ ಮರ, ಕೆರೆ ಏರಿಯ ಮರ, ಶಾಲೆಯ ಹಿಂದಿನ ಮರ, ಎಲ್ಲದರ ಬುಡಕ್ಕೂ ಹೋಗಿ ಕೂತು ನೋಡಿದ್ದಳು. ಒಂದು ಮರದ ಇರುವೆ ಕಾರಣವಿಲ್ಲದೆ ಹತ್ತುತ್ತದೆ, ಇನ್ನೊಂದರದು ಮಳೆಯಲ್ಲೂ ಇಳಿಯುತ್ತದೆ. ಒಂದು ಮರದ ಅಭ್ಯಾಸ ತಿಳಿಯುವುದಕ್ಕೆ ಆಕೆಗೆ ಹನ್ನೆರಡು ವರ್ಷ ಹಿಡಿದಿತ್ತು, ಅದೂ ಪಕ್ಕದಲ್ಲಿ ಅತ್ತೆ ಕೂತು ಹೇಳಿಕೊಟ್ಟು. ಗೊತ್ತಾಗುತ್ತಿಲ್ಲ ಎಂದು ಹೇಳಿಬಿಡಬೇಕೆಂದು ಮೊದಮೊದಲು ಅಂದುಕೊಂಡಳು. ಅಷ್ಟರಲ್ಲಿ ಫೋಟೊದವರು ಬಂದರು. ಆಮೇಲೆ ಹೇಳುವುದಕ್ಕೆ ಬಾಯಿ ಬರಲಿಲ್ಲ. ಯಂತ್ರ ಹೇಗಿದ್ದರೂ ಓದಿದವರದು, ಸರಿಯಾಗೇ ಹೇಳುತ್ತದೆ, ನನ್ನ ಮಾತು ಅದರ ಬೆನ್ನಿಗೆ ಇರಲಿ ಬಿಡು ಎಂದುಕೊಂಡಳು.

ನಾನಾಗ ಏನು ಮಾಡಬೇಕಿತ್ತೋ ಅದನ್ನು ಮಾಡಲಿಲ್ಲ. ಹದಿನಾಲ್ಕು ಪುಟ ಕಣ್ಣಮುಂದೆ ಬಂತು. ಅತ್ತಿಗೆ, ಇದು ನಮ್ಮಿಬ್ಬರಲ್ಲೇ ಇರಲಿ ಎಂದೆ. ಹೇಗೂ ಅವರೆಲ್ಲ ಯಂತ್ರವನ್ನು ಬೈಯುತ್ತಿದ್ದಾರೆ, ನಿಮ್ಮ ಹೆಸರು ಯಾಕೆ ಹಾಳು ಮಾಡಿಕೊಳ್ಳುತ್ತೀರಿ ಎಂದೆ. ನನ್ನ ದನಿ ನನಗೇ ಎಂಟು ಗಂಟೆಯ ಮುನ್ಸೂಚನೆಯ ಹಾಗೆ ಕೇಳಿಸಿತು.

“ಹೆಸರಿಗೋಸ್ಕರಾನೇ ಅಲ್ವೇನೋ ಮರ ಕಡಿಸಿದ್ದು” ಎಂದಳು. “ನಿಮ್ಮಣ್ಣ, ನೀನು ಎಲ್ಲ ನಗ್ತಿದ್ರಿ. ಆ ಕಂಬ ನಿಂತು ನಾನು ಹೇಳಿದ್ದನ್ನ ನಿಜ ಅಂದ್ರೆ ಇನ್ನು ಯಾರೂ ನಗೋದಿಲ್ಲ ಅಂದ್ಕೊಂಡೆ. ಈಗ ಇವ್ರು ಯಂತ್ರ ಬಿಟ್ಟು ನನ್ನೊಬ್ಬಳನ್ನೇ ನಂಬ್ತೀವಿ ಅಂತಿದಾರೆ. ಮುಂದಿನ ಸಲ ಏನಂತ ಹೇಳ್ಲಿ ಇವ್ರಿಗೆ?”

ನೀರು ನಿಲ್ಲಿಸಿ ಹೊರಟಳು. ನಾನು ಅಲ್ಲೇ ನಿಂತು ಬಾಗಿಲಿನಿಂದ ಕೇಳಿಸಿಕೊಂಡೆ. ಹತ್ತಿರ ಹೋಗುವಷ್ಟು ಧೈರ್ಯವಿರಲಿಲ್ಲ ಎಂಬುದನ್ನು ಬರೆಯದಿದ್ದರೂ ನಡೆಯುತ್ತಿತ್ತು.

ಆಕೆ ಕೂರಲಿಲ್ಲ. ನಿಂತೇ ಹೇಳಿದಳು, ಮೂರೇ ಮಾತಿನಲ್ಲಿ. ಯಾರೂ ಕೂಗಾಡಲಿಲ್ಲ. ಈರುಳ್ಳಿ ಆರಿಸುತ್ತಿದ್ದ ಕೈಗಳು ಮಾತ್ರ ಒಂದೊಂದಾಗಿ ನಿಂತವು. ಸೋರೆ ಚಿಕ್ಕಮ್ಮ ಕೇಳಿದಳು.

“ಹಾಗಾದ್ರೆ ಬಿತ್ತೋಕೆ ಹೇಳಿದ್ದು?”

“ಅದೂ ಫೋನಿಂದೇ.”

“ನಾನು ಮನೆ ಹೆಂಚು ಇಳಿಸಿದ್ದು? ಒಂದು ವಾರ ಹನಿ ಬೀಳಲ್ಲ ಅಂದಿದ್ದೆಯಲ್ಲ.”

“ಅದೂನೂ.”

ಒಬ್ಬಳು, ಅವತ್ತು ಮಳೆ ಬರಲಿಲ್ಲವಲ್ಲ, ಸರಿಯಾಗೇ ಇತ್ತಲ್ಲ ಎಂದಳು, ಸಮಾಧಾನಕ್ಕೆ. ಅದು ಯಾರಿಗೂ ಸಮಾಧಾನ ಕೊಡಲಿಲ್ಲ. ಎಂಟು ತಿಂಗಳ ಒಂದೊಂದು ದಿನವನ್ನೂ ಅವರು ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದರು. ಒಳಗೆ ಯಾವುದು ಮೆತ್ತಗಾಗಿದೆ ಎಂದು ಬೆರಳಿನಿಂದ ಒತ್ತಿ ನೋಡುವ ಹಾಗೆ.

ಆಮೇಲೆ ಇನ್ನೊಂದು ಹೊರಗೆ ಬಿತ್ತು. ಪ್ರತಿಯೊಬ್ಬಳಿಗೂ ಅವಳ ಅತ್ತೆ ಮಳೆಯ ಗುರುತು ಒಂದಿಷ್ಟು ಹೇಳಿಕೊಟ್ಟಿದ್ದಳು: ಒಬ್ಬಳಿಗೆ ಬಾವಿಯೊಳಗಿನ ಕಪ್ಪೆ, ಇನ್ನೊಬ್ಬಳಿಗೆ ಉಪ್ಪಿನ ಮಡಕೆ, ಸೋರೆ ಚಿಕ್ಕಮ್ಮನಿಗೆ ಬೇಲಿಯ ಗೂಡುಗಳು. ಅವಳ ಬೇಲಿಯಲ್ಲಿ ಈಗ ಗೂಡೇ ಇಲ್ಲ. ಹೋದ ವರ್ಷವೇ ಬಳ್ಳಿ ಬೇಲಿ ಎಲ್ಲ ಕಿತ್ತು ತಂತಿ ಹಾಕಿಸಿದ್ದಳು. ಅಕ್ಕ ನೋಡುತ್ತಾಳಲ್ಲ, ನಾನ್ಯಾಕೆ ನೋಡಲಿ ಎಂದು. ಬಾವಿಯವಳೂ ಹಾಗೆಯೇ, ಉಪ್ಪಿನವಳೂ ಹಾಗೆಯೇ. ಹತ್ತು ಜನರ ಕಣ್ಣನ್ನೂ ಅತ್ತಿಗೆ ಒಬ್ಬಳೇ ಹೊತ್ತಿದ್ದಳು. ಆಕೆ ತನ್ನ ಕಣ್ಣನ್ನು ನನಗೆ ಕೊಟ್ಟಿದ್ದಳು. ನಾನೋ, ಕೊಡೆಗೆ ಹೆಂಡತಿಯನ್ನು ಕೇಳುವವನು.

ಮೇಡಂಗೆ ನಾನೇ ಹೇಳಿದೆ. ಧೈರ್ಯ ಬಂದದ್ದಕ್ಕಲ್ಲ, ಅತ್ತಿಗೆ ತಾನೇ ಅವರಿಗೆ ಫೋನು ಮಾಡಿ ಹೇಳುತ್ತೇನೆ ಎಂದದ್ದಕ್ಕೆ. ಬೈಗುಳ ತಿನ್ನಲು ತಯಾರಾಗಿ ಹೋಗಿದ್ದೆ. ಅವರು ಬೈಯಲಿಲ್ಲ. ಕಂಪ್ಯೂಟರಿನಲ್ಲಿ ತಾರೀಖುಗಳನ್ನು ಹಿಂದಕ್ಕೆ ಸರಿಸುತ್ತ ಹೋಗಿ, ಮರ ಬಿದ್ದ ವಾರದ ಹತ್ತಿರ ನಿಂತರು. ಹಳದಿ ಕಡಿಮೆಯಾದದ್ದು ಇಲ್ಲಿಂದ, ಅದು ನನಗೆ ಹೊಳೆಯಲೇ ಇಲ್ಲವಲ್ಲ ಎಂದರು. ಆಮೇಲೆ ಸಣ್ಣ ದನಿಯಲ್ಲಿ ಇನ್ನೊಂದು ಹೇಳಿದರು. ಅತ್ತಿಗೆಯ ವರದಿ ಅಷ್ಟು ಚೆನ್ನಾಗಿ ಹೊಂದುತ್ತಿದೆಯೆಂದು, ಮೂರು ತಿಂಗಳಿಂದ ಯಂತ್ರದ ಲೆಕ್ಕವನ್ನು ಆ ವರದಿ ನೋಡಿಯೇ ತಿದ್ದುತ್ತಿದ್ದರಂತೆ. ಯಂತ್ರ ಅತ್ತಿಗೆಯಿಂದ ಕಲಿಯುತ್ತಿತ್ತು, ಅತ್ತಿಗೆ ಯಂತ್ರವನ್ನು ಓದುತ್ತಿದ್ದಳು. ಎರಡು ಕನ್ನಡಿಗಳನ್ನು ಎದುರುಬದುರು ನಿಲ್ಲಿಸಿ, ಒಳಗೆ ಎಷ್ಟು ದೂರ ಕಾಣುತ್ತದೆ ನೋಡಿ ಎಂದು ನಾವು ಹೆಮ್ಮೆಪಟ್ಟಿದ್ದೆವು. ಹೊರಗೆ ಆಕಾಶವಿತ್ತು, ಅದನ್ನು ಯಾರೂ ನೋಡುತ್ತಿರಲಿಲ್ಲ.

ಏಳು ಗಂಟೆಯ ವರದಿ ನಿಂತಿತು. ನಿಲ್ಲಿಸುವ ಮೊದಲು ಆರು ದಿನ ಅತ್ತಿಗೆಯ ದನಿ ಬಂತು. ಆರು ದಿನವೂ ಒಂದೇ ಮಾತು: “ಗೊತ್ತಿಲ್ಲ.” ನಮ್ಮ ನಮೂನೆಯಲ್ಲಿ ಮಳೆ, ಒಣಹವೆ, ಗಾಳಿ ಎಂದು ಮೂರು ಕಲಂ ಇವೆ, ಗೊತ್ತಿಲ್ಲ ಎನ್ನುವುದಕ್ಕೆ ಇಲ್ಲ. ಹಾಗಾಗಿ ಆಕೆ ಕಳಿಸಿದ್ದರಲ್ಲೆಲ್ಲ ಹೆಚ್ಚು ಸತ್ಯವಾದ ಆರು ವರದಿಗಳು ಎಲ್ಲೂ ದಾಖಲಾಗಿಲ್ಲ. ಕಂಬವನ್ನು ಕೀಳಲಿಲ್ಲ, ಅಂಕಿಗಳು ಬೇಕಲ್ಲ. ಕುರ್ಚಿಯನ್ನೂ ಯಾರೂ ಕಿತ್ತುಕೊಳ್ಳಲಿಲ್ಲ. ನಾನು ಅದರಲ್ಲಿ ಉರುಳುವುದನ್ನು ಬಿಟ್ಟೆ.

ಅಣ್ಣ ಈಗ ಯಂತ್ರವನ್ನು ಒರೆಸುವುದಿಲ್ಲ. ಇರುವೆಯ ತಮಾಷೆಯನ್ನೂ ಮಾಡುವುದಿಲ್ಲ. ಅತ್ತಿಗೆ ಎದುರಿಗೆ ಬಂದರೆ ಹವೆಯ ಮಾತೇ ಎತ್ತದ ಹಾಗೆ ಹುಷಾರಾಗಿರುತ್ತಾನೆ. ಮನೆಯಲ್ಲಿ ಎಲ್ಲರೂ ಹಾಗೆಯೇ. ಮೋಡ ಕವಿದರೆ ಆಕೆಯನ್ನು ಕೇಳದೆ ಎದ್ದು ಹೋಗಿ ಬಟ್ಟೆ ತೆಗೆಯುತ್ತೇವೆ. ಒಂದು ದಿನ ಆಕೆಯೇ ನನ್ನ ಹೆಂಡತಿಗೆ ಹೇಳಿದಳಂತೆ, ನಗ್ತಿದ್ದಾಗಲೇ ಚೆನ್ನಾಗಿತ್ತು ಎಂದು.

ಮರುವರ್ಷ ಕೀಳುವ ಕಾಲಕ್ಕೆ ನಾನು ರಜೆ ಹಾಕಿ ಹೊಲಕ್ಕೆ ಹೋಗಿದ್ದೆ, ಕೈಲಾದಷ್ಟು ನೆರವಾಗಲೆಂದು. ಈರುಳ್ಳಿಯ ಎಲೆ ಬಾಗಿತ್ತು, ಇನ್ನು ಬಿಟ್ಟರೆ ನೆಲದಲ್ಲೇ ಕೆಡುತ್ತದೆ. ಆಕಾಶದಲ್ಲಿ ಅರ್ಧ ಮೋಡ, ಅರ್ಧ ಬಿಸಿಲು. ನಮ್ಮ ಕೇಂದ್ರದ ಸಂದೇಶ ಆರಕ್ಕೆ ಸರಿಯಾಗಿ ಬಂದಿತ್ತು, ಬೇರೆಯವರು ಬರೆದದ್ದು. ನನ್ನ ಹಾಗೆಯೇ ಬರೆದಿದ್ದರು. ಮೊದಲೆಲ್ಲ ಹನ್ನೊಂದು ಹೊಲದಲ್ಲೂ ಒಂದೇ ದಿನ ಒಂದೇ ಹೊತ್ತಿಗೆ ಬಗ್ಗುತ್ತಿದ್ದ ಹೆಂಗಸರು ಈಗ ತಮ್ಮ ತಮ್ಮ ಬದುವಿನ ಮೇಲೆ ನಿಂತು, ಯಾರು ಮೊದಲು ಬಗ್ಗುತ್ತಾರೆಂದು ಒಬ್ಬರನ್ನೊಬ್ಬರು ನೋಡುತ್ತಿದ್ದರು.

ತಂತಿ ಬೇಲಿಯಾಚೆಯಿಂದ ಸೋರೆ ಚಿಕ್ಕಮ್ಮ ಕೇಳಿದಳು, “ಅಕ್ಕ, ಕೀಳ್ತೀಯಾ?”

“ನೀನು?”

“ನೀನು ಕಿತ್ರೆ ನಾನೂ ಕೀಳ್ತೀನಿ.”

“ನನ್ನ ನೋಡಿ ಕೀಳ್ಬೇಡ ಕಣೆ.”

“ಮತ್ತೆ ಯಾರನ್ನ ನೋಡ್ಲಿ?”

ಅದರಲ್ಲಿ ಚುಚ್ಚು ಇರಲಿಲ್ಲ. ಅವಳು ನಿಜವಾಗಿಯೂ ಕೇಳುತ್ತಿದ್ದಳು. ನಾನು ತಲೆಯೆತ್ತಿ ಆಕಾಶ ನೋಡಿದೆ. ಏನೋ ತಿಳಿದವನ ಹಾಗೆ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದೆ, ತಲೆ ಇಳಿಸಿದರೆ ಅವರಿಬ್ಬರ ಮುಖ ನೋಡಬೇಕಾಗುತ್ತಿತ್ತು. ಆಮೇಲೆ ಅತ್ತಿಗೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದಳು. ಬೇಲಿಯಾಚೆ ಅವಳೂ ಬಗ್ಗಿದಳು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಅರ್ಧರ್ಧ ಹೊಲ ಕಿತ್ತು, ಮಳೆ ಬಂದರೂ ಬಾರದಿದ್ದರೂ ಒಂದರ್ಧವಾದರೂ ದಕ್ಕಲೆಂದು ಉಳಿದದ್ದನ್ನು ನೆಲದಲ್ಲೇ ಬಿಟ್ಟು ನಿಲ್ಲಿಸಿದರು.